ಕಳ್ಳತನ ಎಣಿಸುವ ಮೊದಲು ನಾನು ಕೇಳುವ ಪ್ರಶ್ನೆಗಳು

ಅಪರಾಧಶಾಸ್ತ್ರದಲ್ಲಿ ಪಾಸಿಟಿವಿಸಂ, ಅಂದರೆ ಅಪರಾಧವನ್ನು ವಿಜ್ಞಾನದಂತೆ ಅಳೆದು ಎಣಿಸಿಯೇ ತಿಳಿಯಬೇಕು ಎನ್ನುವ ವಾದ, ಅಂದ ಕೂಡಲೇ ಲೊಂಬ್ರೋಸೊ ನೆನಪಾಗುತ್ತಾನೆ. ತಲೆಬುರುಡೆ, ದವಡೆ, ಕಿವಿ ನೋಡಿ ಹುಟ್ಟು ಅಪರಾಧಿಯನ್ನು ಗುರುತಿಸಬಹುದು ಎಂದು 1876ರಲ್ಲಿ ಪುಸ್ತಕ ಬರೆದ ಇಟಲಿಯ ವೈದ್ಯ. ಅದು ಸುಳ್ಳು ಅಂತ ತೋರಿಸಿದ್ದೂ ಅಳತೆಯೇ. 1913ರಲ್ಲಿ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಇಂಗ್ಲೆಂಡಿನ ಸುಮಾರು 3,000 ಕೈದಿಗಳನ್ನು ಅಳೆದು, ಕೈದಿಗಳಲ್ಲದ ಬೇರೆಯವರ ಜೊತೆ ಹೋಲಿಸಿ, ಅಂಥ ಚಹರೆಯೇ ಇಲ್ಲ ಎಂದ. ಹಾಗಾಗಿ ಅಂಕಿಸಂಖ್ಯೆ ಅಂದರೆ ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ನನ್ನದೂ ಎಣಿಕೆಯ ಕೆಲಸವೇ: ಮನೆಮನೆಗೆ ಹೋಗಿ, ಎಷ್ಟು ಕಳ್ಳತನ ನಡೆದಿದೆ ಎಂದು ಜನರನ್ನೇ ಕೇಳಿ ಲೆಕ್ಕ ಹಾಕುವುದು.

ನನಗೆ ದಾರಿ ತೋರಿಸಿದವನು ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಕ್ವೆಟೆಲೆ. ನಮಗೆ ಗೊತ್ತಿರುವುದು ದಾಖಲಾದ ಅಪರಾಧ ಮಾತ್ರ ಎಂದು ಅವನು 1835ರಲ್ಲೇ ಬರೆದಿದ್ದ. ದಾಖಲಾದದ್ದಕ್ಕೂ ನಿಜವಾಗಿ ನಡೆದದ್ದಕ್ಕೂ ಇರುವ ಪ್ರಮಾಣ ಬದಲಾಗದಿದ್ದರೆ ಮಾತ್ರ ಈ ವರ್ಷವನ್ನು ಹಿಂದಿನ ವರ್ಷದ ಜೊತೆ ಹೋಲಿಸಬಹುದು. ಆ ಪ್ರಮಾಣ ಬದಲಾಗಿದೆಯೇ ಎಂದು ತಿಳಿಯಲು ಮನೆಮನೆಗೆ ಹೋಗದೆ ಬೇರೆ ದಾರಿ ಇಲ್ಲ.

ಮನೆ ಬಾಗಿಲಲ್ಲಿ ನಿಂತು 'ನೀವು ಕಳ್ಳತನಕ್ಕೆ ಒಳಗಾಗಿದ್ದೀರಾ' ಎಂದು ಕೇಳಿದರೆ ಯಾರಿಗೂ ಏನೂ ನೆನಪಾಗುವುದಿಲ್ಲ. 'ಯುಗಾದಿಯಿಂದ ಈಚೆಗೆ ಮನೆಯಿಂದ, ಗಾಡಿಯಿಂದ, ಬಸ್ಸಲ್ಲಿ ಏನಾದರೂ ಹೋಯಿತಾ?' ಎಂದು ಬಿಡಿಬಿಡಿಯಾಗಿ ಕೇಳುತ್ತೇನೆ. 'ಕಳೆದ 12 ತಿಂಗಳಲ್ಲಿ' ಅಂದರೆ ಎರಡು ವರ್ಷ ಹಿಂದಿನದೂ ಸೇರಿಬಿಡುತ್ತದೆ. ಹಬ್ಬ ಹೇಳಿದರೆ ಜನ ಸರಿಯಾಗಿ ನೆನಪು ಮಾಡಿಕೊಳ್ಳುತ್ತಾರೆ.

ಆಮೇಲೆ, ಠಾಣೆಯಲ್ಲಿ ಕೊಟ್ಟ ಕಾಗದ ಇದ್ದರೆ ತೋರಿಸಿ ಅನ್ನುತ್ತೇನೆ. ಇದು ತುಂಬಾ ಮುಖ್ಯ. ಜನರ ಬಾಯಲ್ಲಿ ಎಲ್ಲವೂ 'ಕಂಪ್ಲೇಂಟ್ ಕೊಟ್ಟಿದ್ದೀವಿ'. ಕಾಗದ ನೋಡಿದರೆ ಒಂದು ಎಫ್‌ಐಆರ್, ಇನ್ನೊಂದು ಬರೀ ಹಿಂಬರಹ (ಕೇಸು ದಾಖಲಿಸದೆ ಠಾಣೆಯವರು ಕೊಡುವ ಲಿಖಿತ ಉತ್ತರ), ಮತ್ತೊಂದು 'ಕಳೆದುಹೋಗಿದೆ' ಎಂಬ ಅರ್ಜಿಗೆ ಸಿಕ್ಕ ಸ್ವೀಕೃತಿ. ಒಬ್ಬ ತಾಯಿ ಹೇಳಿದ್ದು: 'ಬಸ್ಸಲ್ಲಿ ಬ್ಯಾಗ್ ಕುಯ್ದು ಮೊಬೈಲ್ ತಗೊಂಡ್ರಪ್ಪಾ. ಕದ್ದಿದ್ದು ಅಂದ್ರೆ ಕೋರ್ಟಿಗೆ ಅಲೆಯಬೇಕಾಗುತ್ತೆ, ಕಳೆದುಹೋಯ್ತು ಅಂತ ಬರೀರಿ ಅಂದ್ರು. ನನಗೂ ಸಿಮ್ ತಗೊಳ್ಳೋಕೆ ಒಂದು ಕಾಗದ ಬೇಕಿತ್ತು, ಅಷ್ಟೇ.' ಇಂಥ ದೂರಿಗೆ ಎಫ್‌ಐಆರ್ ಕಡ್ಡಾಯ ಎಂದು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಆ ಕುಯ್ದ ಬ್ಯಾಗ್ ಯಾವ ಅಂಕಿಅಂಶದಲ್ಲೂ ಇಲ್ಲ. ನನಗೆ ಇದು ಸಣ್ಣ ವಿಷಯವಲ್ಲ.

ದಾಖಲಾದದ್ದರಲ್ಲೂ ಲೆಕ್ಕದ ನಿಯಮ ಗೊತ್ತಿರಬೇಕು. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ, ದೇಶದ ಅಪರಾಧ ಅಂಕಿಅಂಶ ಪ್ರಕಟಿಸುವ ಕೇಂದ್ರ ಸಂಸ್ಥೆ ಎನ್‌ಸಿಆರ್‌ಬಿ ಅತಿ ಗಂಭೀರವಾದ ಒಂದನ್ನೇ ಎಣಿಸುತ್ತದೆ. ಕೊಲೆ ಮಾಡಿ ದೋಚಿದರೆ ಅದು ಕೊಲೆ ಮಾತ್ರ. 2024ರ ಜುಲೈ 1ರಿಂದ ಸರ ಕಿತ್ತುಕೊಂಡು ಓಡುವುದಕ್ಕೆ, ಐಪಿಸಿ ಬದಲು ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ 304 ಎಂಬ ಪ್ರತ್ಯೇಕ ಕಲಂ ಬಂದಿದೆ. ಮೊದಲು ಅದು ಬೇರೆ ಬೇರೆ ಕಲಂಗಳಲ್ಲಿ ಹಂಚಿಹೋಗುತ್ತಿತ್ತು. ಗ್ರಾಫ್ ಏರಿತು, ಇಳಿಯಿತು ಎನ್ನುವ ಮುಂಚೆ ಇದನ್ನು ನೋಡಬೇಕು ಅಲ್ವಾ?

ಇಷ್ಟು ಜಾಗ್ರತೆ ಯಾಕೆ ಅಂದರೆ, 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ನನ್ನ ತಲೆಯಿಂದ ಹೋಗುವುದಿಲ್ಲ. ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳು ಎಂದು ಪಟ್ಟಿ ಮಾಡಿ, ಹಾಜರಿ ಹಾಕಿಸಿ, ಕಾವಲಿಟ್ಟರು. ಕಾವಲು ಜಾಸ್ತಿ ಇದ್ದ ಕಡೆ ಕೇಸೂ ಜಾಸ್ತಿ ಸಿಗುತ್ತವೆ. ಆ ಕೇಸುಗಳೇ ಮತ್ತೆ ಪುರಾವೆ. 1952ರಲ್ಲಿ ಕಾಯ್ದೆ ರದ್ದಾಯಿತು, ಕಳಂಕ ಹೋಗಲಿಲ್ಲ.

ಈಗ ನನ್ನ ವರದಿಯಲ್ಲಿ ಮೂರು ಕಾಲಂ ಇಡುತ್ತೇನೆ: ಜನ ಹೇಳಿದ್ದು, ಠಾಣೆಗೆ ಹೋಗಿದ್ದು, ಎಫ್‌ಐಆರ್ ಆಗಿದ್ದು. ಎಫ್‌ಐಆರ್ ಕಾಲಂ ಮಾತ್ರ ಏರಿ, ಜನ ಹೇಳಿದ್ದು ಇದ್ದಷ್ಟೇ ಇದ್ದರೆ, ಕಳ್ಳತನ ಹೆಚ್ಚಾಗಿದೆ ಅಂತ ಬರೆಯುವುದಿಲ್ಲ. ಠಾಣೆಯವರು ದೂರು ಬರೆದುಕೊಳ್ಳುತ್ತಿದ್ದಾರೆ ಅಂತ ಬರೆಯುತ್ತೇನೆ.