ಇಂಗ್ಲಿಷ್ ಪದವನ್ನು ತಪ್ಪು ಅನ್ನುವ ಮೊದಲು ಅದರ ವಯಸ್ಸು ಹುಡುಕಿ

ಯಾರಾದರೂ 'ಗೆಟ್' ಪದದ ರೂಪವಾಗಿ 'ಗಾಟನ್' (gotten) ಅಂತ ಬರೆದರೆ ತಕ್ಷಣ ತಿದ್ದಬೇಕು ಅನ್ನಿಸುತ್ತದೆ, ಅಲ್ವಾ? 'ಗಾಟ್' ಸರಿ, ಇದು ಅಮೆರಿಕದವರು ಹುಟ್ಟಿಸಿದ ಹೊಸ ರೂಪ ಅಂತ ನಾನೂ ತುಂಬಾ ದಿನ ನಂಬಿದ್ದೆ. ಆದರೆ ಅದು ಇಂಗ್ಲೆಂಡಿನದೇ ಹಳೆಯ ರೂಪ. ಅಲ್ಲಿಂದ ಹೋದವರು ಅಮೆರಿಕದಲ್ಲಿ ಉಳಿಸಿಕೊಂಡರು, ಇಂಗ್ಲೆಂಡಿನವರು ಹೆಚ್ಚುಕಡಿಮೆ ಕೈಬಿಟ್ಟರು. ಇಂಥದ್ದನ್ನು ಹತ್ತು ನಿಮಿಷದಲ್ಲಿ ನೀವೇ ಪತ್ತೆ ಮಾಡಬಹುದು.

ಮೊದಲು ಡಿಕ್ಷನರಿ ತೆಗೆಯಿರಿ. ಅರ್ಥ ಓದಿ ಮುಚ್ಚಿಬಿಡಬೇಡಿ, ವರ್ಷ ನೋಡಿ. ಮೆರಿಯಮ್-ವೆಬ್‌ಸ್ಟರ್ ವೆಬ್‌ಸೈಟಿನಲ್ಲಿ ಪದ ಮೊದಲು ದಾಖಲಾದ ಕಾಲ ಪುಕ್ಕಟೆ ಸಿಗುತ್ತದೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಗೆ ಚಂದಾ ಬೇಕು, ಆದರೆ ಇನ್ನೂ ಆಳಕ್ಕೆ ಹೋಗುತ್ತದೆ. ಅದರ ಮೊದಲ ಕಂತು ಬಂದದ್ದು 1884ರಲ್ಲಿ, ಮೊದಲ ಆವೃತ್ತಿ ಮುಗಿದದ್ದು 1928ರಲ್ಲಿ. ಅಷ್ಟು ವರ್ಷ ಹಿಡಿದದ್ದು ಸುಮ್ನೆ ಅಲ್ಲ, ಪ್ರತಿ ಅರ್ಥಕ್ಕೂ ಜನ ನಿಜವಾಗಿ ಬರೆದ ಸಾಲುಗಳನ್ನು ಹುಡುಕಿ, ಇಸವಿ ಹಾಕಿ, ಹಳೆಯದರಿಂದ ಹೊಸದಕ್ಕೆ ಜೋಡಿಸಿದ್ದಾರೆ. ಆ ಸಾಲುಗಳನ್ನು ಮೇಲಿನಿಂದ ಕೆಳಗೆ ಓದಿ. 'ನೈಸ್' ಲ್ಯಾಟಿನ್‌ನಲ್ಲಿ 'ಏನೂ ಗೊತ್ತಿಲ್ಲದವನು' ಆಗಿತ್ತು, ಇಂಗ್ಲಿಷಿಗೆ ಬಂದಾಗ 'ದಡ್ಡ' ಆಗಿತ್ತು, ನಾಜೂಕು, ಸೂಕ್ಷ್ಮ ಅಂತೆಲ್ಲ ತಿರುಗಿ ಕೊನೆಗೆ 'ಚೆನ್ನಾಗಿದೆ' ಆಯಿತು. ಯಾವ ಹಂತದಲ್ಲಿ ನಿಂತು ತಪ್ಪು ಅನ್ನುತ್ತೀರಿ? ಈಗ ಜಾಸ್ತಿ ಬೈಸಿಕೊಳ್ಳುವ 'ಲಿಟರಲಿ' (ಅಕ್ಷರಶಃ) ನೋಡಿ. ನಿಜಕ್ಕೂ ಆಗದ್ದನ್ನು ಒತ್ತಿ ಹೇಳಲು ಅದನ್ನು ಬಳಸಿದ ಸಾಲು 1769ರಲ್ಲೇ ಇದೆ.

ಆಮೇಲೆ ಪದವನ್ನು ಬಾಯಿಬಿಟ್ಟು ಹೇಳಿ. ಎಷ್ಟೋ ಬದಲಾವಣೆ ಕಿವಿಯಲ್ಲೇ ಆಗಿದೆ. 'ಎ ನೇಪ್ರನ್' ಅಂತ ಬೇಗ ಬೇಗ ಹೇಳಿ ನೋಡಿ. ಕೇಳಿದವರು 'ಆ್ಯನ್ ಏಪ್ರನ್' ಅಂದುಕೊಂಡರು, 'ನ್' ಆಚೆ ಹೋಯಿತು, ಇವತ್ತು ಏಪ್ರನ್ ಅನ್ನುವುದೇ ಸರಿ. ನಿಕ್‌ನೇಮ್‌ನಲ್ಲಿ ಇದೇ ಉಲ್ಟಾ ಆಯಿತು. ಅಲ್ಲಿ 'ಆ್ಯನ್'ನ 'ನ್' ಬಂದು ಪದಕ್ಕೆ ಅಂಟಿಕೊಂಡಿತು.

ಬಳಕೆ ಏರಿತಾ ಇಳಿಯಿತಾ ನೋಡಲು ಗೂಗಲ್ ಎನ್‌ಗ್ರಾಮ್ ವ್ಯೂವರ್ ಇದೆ. ಪದ ಹಾಕಿದರೆ ಅಚ್ಚಾದ ಪುಸ್ತಕಗಳಲ್ಲಿ ಅದು ಎಷ್ಟು ಬಂದಿದೆ ಅನ್ನುವ ಗೆರೆ ಬರುತ್ತದೆ. ಒಂದು ಎಚ್ಚರಿಕೆ: 1800ಕ್ಕಿಂತ ಹಿಂದಿನ ಅಚ್ಚಿನಲ್ಲಿ ಎಸ್ ಅಕ್ಷರ ಎಷ್ಟೋ ಕಡೆ ಉದ್ದವಾಗಿ, ಎಫ್ ಥರ ಕಾಣುತ್ತಿತ್ತು. ಕಂಪ್ಯೂಟರ್ 'ಬೆಸ್ಟ್' ಅನ್ನು 'ಬೆಫ್ಟ್' ಅಂತ ಓದಿರುವುದೂ ಉಂಟು. ಹಾಗಾಗಿ ಹಳೆಯ ಕಾಲದ ಗೆರೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ಇನ್ನು ಮಾತಿನ ಭಾಷೆ ಅಲ್ಲಿ ಸಿಗುವುದು ಕಡಿಮೆ.

ಸರ್ವನಾಮಗಳ ಬಗ್ಗೆ ಜಗಳ ಬಂದರೆ 'ಯೂ' ಕಥೆ ನೆನಪಿಡಿ. ನಮ್ಮ ನೀನು-ನೀವು ಥರ ಇಂಗ್ಲಿಷಿನಲ್ಲಿ 'ದೌ' ಮತ್ತು 'ಯೂ' ಇದ್ದವು. ಮರ್ಯಾದೆಯ 'ಯೂ' ಎಲ್ಲರಿಗೂ ಹರಡಿ 'ನೀನು' ಹೆಚ್ಚುಕಡಿಮೆ ಮಾಯವಾಯಿತು. ಒಬ್ಬರ ಬಗ್ಗೆಯೇ 'ದೇ' (they, ಅವರು) ಅನ್ನುವುದು ಕೂಡ 14ನೇ ಶತಮಾನದಿಂದ ಇದೆ.

ಇಷ್ಟೆಲ್ಲ ನೋಡಿದ ಮೇಲೂ ಬಳಸಬೇಕಾ ಅನ್ನುವುದು ಬೇರೆ ಪ್ರಶ್ನೆ. ಓದುವವರು ಯಾರು ನೋಡಿ. ಪರೀಕ್ಷೆಗೋ ಕೆಲಸದ ಅರ್ಜಿಗೋ ಆದರೆ ಎಲ್ಲರೂ ಒಪ್ಪುವ ರೂಪವೇ ಇರಲಿ, ಗೆಳೆಯರ ಮೆಸೇಜಿಗೆ ಇಷ್ಟ ಬಂದದ್ದು ಬರೆಯಿರಿ. ಇವತ್ತೇ ಶುರು ಮಾಡುವುದಾದರೆ 'ಸಿಲ್ಲಿ' ಪದ ತೆಗೆಯಿರಿ. ಒಂದು ಕಾಲದಲ್ಲಿ ಅದರ ಅರ್ಥ 'ಧನ್ಯ' ಅಂತ ಇತ್ತು. ಅಲ್ಲಿಂದ ಇಲ್ಲಿಗೆ ಹೇಗೆ ಬಂತು ಅಂತ ಸಾಲು ಸಾಲಾಗಿ ಓದಿ.