ಹೆಸರು ಬಿಟ್ಟೆ, ನಂಬರ್ ಹಿಡಿದೆ: ಅರವತ್ತರ ದಶಕದ ಗರ್ಲ್ ಗ್ರೂಪ್ ಸಿಂಗಲ್‌ಗಳ ಬೇಟೆ

ಅಮೆರಿಕದ ಗರ್ಲ್ ಗ್ರೂಪ್‌ಗಳ, ಅಂದರೆ ಹುಡುಗಿಯರ ಹಾಡುತಂಡಗಳ, ಸಿಂಗಲ್‌ಗಳನ್ನು (ಬದಿಗೊಂದು ಹಾಡಿನ ಚಿಕ್ಕ ರೆಕಾರ್ಡ್) ಗ್ರೂಪಿನ ಹೆಸರು ಹಾಕಿ ಹುಡುಕುವುದನ್ನು ಬಿಟ್ಟು, ರೆಕಾರ್ಡ್ ಕಂಪನಿ ಕೊಟ್ಟ ನಂಬರ್ ಹಿಡಿದು ಹುಡುಕತೊಡಗಿ ಆರೇಳು ವರ್ಷವಾಯಿತು. ಹೆಸರೇ ಗೊತ್ತಿಲ್ಲದೆ ರೆಕಾರ್ಡ್ ಹುಡುಕುತ್ತೀಯಾ ಎಂದು ಹಳೇ ಹುಲಿಗಳೆಲ್ಲ ನಕ್ಕಿದ್ದರು. ಈಗ ಡಬ್ಬಿಗಳಲ್ಲಿ ಸುಮಾರು 350 ಸಿಂಗಲ್‌ಗಳಿವೆ. ಸರಾಸರಿ ಬೆಲೆ ಏಳೆಂಟು ಡಾಲರ್ ಬಿದ್ದಿರಬಹುದು. ಅದರಲ್ಲಿ ಇಪ್ಪತ್ತಕ್ಕೆ ಇವತ್ತು ನೂರು ಡಾಲರ್ ಮೇಲೆಯೇ ಇದೆ. ನಕ್ಕವರಲ್ಲಿ ಇಬ್ಬರು ಈಗ ನನ್ನ ಹತ್ತಿರವೇ ಡಬಲ್ ಕಾಪಿ ಕೇಳುತ್ತಾರೆ.

ಈ ಸಂಗೀತದಲ್ಲಿ ಲೇಬಲ್ (ರೆಕಾರ್ಡ್ ನಡುವಿನ ಕಾಗದ; ರೆಕಾರ್ಡ್ ಕಂಪನಿಗೂ ಇದೇ ಮಾತು) ಮೇಲಿನ ಹೆಸರನ್ನು ನಂಬಿದವನು ಕೆಟ್ಟ. 1962ರ ಫಿಲ್ಲೀಸ್ ಲೇಬಲ್‌ನ 106ನೇ ನಂಬರ್ ಸಿಂಗಲ್ ಮೇಲೆ ‘ದಿ ಕ್ರಿಸ್ಟಲ್ಸ್’ ಎಂದಿದೆ, ಹಾಡಿದ್ದು ಬೇರೆಯವರೇ: ಗಾಯಕಿ ಡಾರ್ಲೀನ್ ಲವ್ ಮತ್ತು ಬ್ಲಾಸಮ್ಸ್ ತಂಡ. ಶಿಫಾನ್ಸ್ ಹುಡುಗಿಯರೇ ಲಾರಿ ಕಂಪನಿಯ ತಂಗಿ ಲೇಬಲ್ ರಸ್ಟ್‌ನಲ್ಲಿ ‘ಫೋರ್ ಪೆನ್ನೀಸ್’ ಆದರು. ಡೈಮೆನ್ಷನ್ ಲೇಬಲ್‌ನ ಕುಕೀಸ್, ಅದೇ ಲೇಬಲ್‌ನಲ್ಲಿ ‘ಸಿಂಡರೆಲ್ಲಾಸ್’. ದೊಡ್ಡ ಲೇಬಲ್‌ಗಳಲ್ಲೇ ಹೀಗಾದರೆ ಎರಡು ಸಿಂಗಲ್ ತಂದು ಮುಚ್ಚಿಹೋದ ಪುಡಿ ಲೇಬಲ್‌ಗಳ ಕಥೆ ಬೇಡ. ಮೇಲಾಗಿ, ಮನೆ ಖಾಲಿ ಮಾಡಿ ಮಾರುವವರು ಹೆಸರಿನ ಕಾಗುಣಿತ ಕೆಡಿಸುತ್ತಾರೆ. ನಂಬರನ್ನು ಮಾತ್ರ ಇದ್ದ ಹಾಗೆಯೇ ನೋಡಿ ಬರೆಯುತ್ತಾರೆ. ನನ್ನ ಇಡೀ ಉಪಾಯ ಇದರ ಮೇಲೆ ನಿಂತಿದೆ.

ಒಂದೊಂದು ಚಿಕ್ಕ ಲೇಬಲ್‌ಗೂ ಒಂದು ಶೀಟ್. ಎಲ್ಲ ನಂಬರ್‌ಗಳೂ ಸಾಲಾಗಿ: ರೆಡ್ ಬರ್ಡ್ ಆದರೆ 1964ರ 10-001ರಿಂದ, ಡೈಮೆನ್ಷನ್ ಆದರೆ 1000ದಿಂದ. ಕಾಲಂಗಳು ಎರಡೂ ಬದಿಯ ಹಾಡು, ಬರೆದವರು, ಅರೇಂಜರ್, ಪಬ್ಲಿಷರ್, ಮ್ಯಾಟ್ರಿಕ್ಸ್ (ಒಂದೊಂದು ಬದಿಗೂ ಕೊಟ್ಟು ರೆಕಾರ್ಡ್ ಮೇಲೆ ಕೆತ್ತಿದ ಸಂಖ್ಯೆ), ರೆಕಾರ್ಡ್ ಒತ್ತಿದ ಪ್ಲಾಂಟ್. ರೆಕಾರ್ಡ್‌ಗಳ ವಿವರ ಇರುವ ಸೈಟ್‌ಗಳಾದ ಡಿಸ್ಕಾಗ್ಸ್ ಮತ್ತು 45ಕ್ಯಾಟ್ ಎರಡರಿಂದಲೂ ತುಂಬಿಸಿ. ಖಾಲಿ ಉಳಿದ ಸಾಲು, ಫೋಟೋ ಇಲ್ಲದ ಸಾಲು, ಅದೇ ನಿಮ್ಮ ಬೇಟೆಯ ಕಾಡು. ಆಮೇಲೆ ವರ್ಲ್ಡ್ ರೇಡಿಯೋ ಹಿಸ್ಟರಿ ಎಂಬ ಸೈಟ್‌ನಲ್ಲಿರುವ ಬಿಲ್‌ಬೋರ್ಡ್, ಕ್ಯಾಶ್ ಬಾಕ್ಸ್ ಎಂಬ ಸಂಗೀತ ವ್ಯಾಪಾರದ ಪತ್ರಿಕೆಗಳ ಸ್ಕ್ಯಾನ್‌ಗಳಿಗೆ ಹೋಗಿ 1962ರಿಂದ 66ರವರೆಗಿನ ಸಿಂಗಲ್ ವಿಮರ್ಶೆಯ ಪುಟಗಳನ್ನು ಒಂದೂ ಬಿಡದೆ ತಿರುವಬೇಕು. ಮೇಲಿನ ದೊಡ್ಡ ವಿಮರ್ಶೆ ಬಿಡಿ, ಕೆಳಗೆ ಇರುವೆ ಸಾಲಿನಂತೆ ಅಚ್ಚಾದ ಪಟ್ಟಿಯಲ್ಲಿ ಮಾಲು ಇದೆ. ‘-ಎಟ್ಸ್’, ‘-ಎಲ್ಸ್’ ಎಂದು ಗರ್ಲ್ ಗ್ರೂಪ್‌ಗಳ ಧಾಟಿಯಲ್ಲಿ ಮುಗಿಯುವ ಹೆಸರು ಕಂಡರೆ ಲೇಬಲ್, ನಂಬರ್ ಬರೆದಿಡಿ. ಸ್ಕ್ಯಾನಿನೊಳಗೆ ಪದ ಹುಡುಕುವ ಸೌಲಭ್ಯವನ್ನು ನೆಚ್ಚಬೇಡಿ, ಆ ಸಣ್ಣಕ್ಷರ ಯಂತ್ರಕ್ಕೆ ಅರ್ಧ ಓದಲು ಬರುವುದಿಲ್ಲ. ಒಂದು ವರ್ಷದ ಸಂಚಿಕೆ ಮುಗಿಸಲು ನನಗೆ ಹತ್ತಿರ ಹತ್ತಿರ ನಲವತ್ತು ಗಂಟೆ ಹಿಡಿಯಿತು.

ಮುಂದೆ ಸೇವ್ಡ್ ಸರ್ಚ್, ಅಂದರೆ ಮಾರಾಟದ ಸೈಟ್‌ನಲ್ಲಿ ಉಳಿಸಿಟ್ಟರೆ ಹೊಸ ಮಾಲು ಬಂದಾಗ ತಾನೇ ಅಲರ್ಟ್ ಕಳಿಸುವ ಹುಡುಕಾಟ. ಲೇಬಲ್ ಹೆಸರು, ನಂಬರ್, ಅಷ್ಟೇ. 10-014 ಎಂದೂ, ನಡುವಿನ ಗೆರೆ ತೆಗೆದು 10 014 ಎಂದೂ, ಒಟ್ಟಿಗೆ 10014 ಎಂದೂ ಬೇರೆ ಬೇರೆ ಉಳಿಸಿಡಿ. ನನ್ನ ಹತ್ತಿರ ಇಂಥವು 400ರ ಸುಮಾರು ಇದ್ದವು. ದಿನಕ್ಕೆ ಬರುವ ಅಲರ್ಟ್‌ಗಳಲ್ಲಿ ನೂರಕ್ಕೆ ತೊಂಬತ್ತು ಪಾಲು ಕಸ. ಲೇಬಲ್‌ಗಳ ಹೆಸರನ್ನೇ ಜನ ಹೇಗೆಲ್ಲ ತಪ್ಪು ಬರೆಯುತ್ತಾರೆ ಎಂಬ ಪಟ್ಟಿಯೊಂದು ನನ್ನಲ್ಲಿದೆ. ಅದನ್ನು ಮಾತ್ರ ಕೊಡುವುದಿಲ್ಲ, ಕ್ಷಮಿಸಿ.

ಸ್ಥಳೀಯ ರೇಡಿಯೋ ಸ್ಟೇಷನ್‌ಗಳ ವಾರದ ಚಾರ್ಟ್‌ಗಳನ್ನು ಎಆರ್‌ಎಸ್‌ಎ ಎಂಬ ಸಂಗ್ರಹದಲ್ಲಿ ನೋಡಬಹುದು. ದೇಶದಲ್ಲೆಲ್ಲೂ ಓಡದ ಹಾಡು ಒಂದೇ ಊರಿನ ಸ್ಟೇಷನ್‌ನಲ್ಲಿ ಮೂರು ವಾರ ನಿಂತಿದ್ದರೆ ಕಾಪಿಗಳು ಇಳಿದದ್ದೂ ಆ ಊರಿನ ಸುತ್ತಮುತ್ತಲೇ. ಆ ಭಾಗದ ಮಾರಾಟಗಾರರು ಹಾಕುವ 100–200 ಸಿಂಗಲ್‌ಗಳ ಲಾಟ್‌ಗಳನ್ನು (ಒಟ್ಟಾಗಿ ಮಾರುವ ಕಟ್ಟು) ಹಿಂಬಾಲಿಸಿ. ಲಾಟ್ ಒಂದಕ್ಕೆ 30–40 ಡಾಲರ್, ಬೇಕಾದ್ದು ಐದು ಸಿಕ್ಕರೆ ಪುಣ್ಯ. ಉಳಿದದ್ದನ್ನು ಮತ್ತೆ ಲಾಟ್ ಮಾಡಿ ಮಾರಿದರೆ ಅಸಲು ಬರುತ್ತದೆ. ನನಗೆ ಚೆನ್ನಾಗಿ ಫಲ ಕೊಟ್ಟ ಊರು ಯಾವುದು ಎಂದು ಕೇಳಬೇಡಿ.

ಡೆಡ್ ವ್ಯಾಕ್ಸ್, ಅಂದರೆ ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ಖಾಲಿ ಜಾಗದ ಕೆತ್ತನೆ, ಓದಲು ಬಾರದಿದ್ದರೆ ಇದೆಲ್ಲ ವ್ಯರ್ಥ. ವೃತ್ತದೊಳಗೆ ಎಂಆರ್ ಮುದ್ರೆ, ಪಕ್ಕದಲ್ಲಿ ತ್ರಿಕೋನ ಮತ್ತು ಐದಂಕಿ ಇದ್ದರೆ ಲಾಸ್ ಏಂಜಲೀಸ್‌ನ ಮೊನಾರ್ಕ್ ಪ್ಲಾಂಟ್. ಆ ಅಂಕಿ ಕೆಲಸದ ಕ್ರಮಸಂಖ್ಯೆ, ಇನ್ನೊಂದು ಬದಿಯಲ್ಲಿ ಅದೇ ಅಂಕಿಯಾದ ಮೇಲೆ ಎಕ್ಸ್. ದಿನಾಂಕ ಗೊತ್ತಿರುವ ಎರಡು ರೆಕಾರ್ಡ್‌ಗಳ ನಡುವೆ ಇಟ್ಟು ನೋಡಿದರೆ ತಿಂಗಳ ಅಂದಾಜು ಸಿಗುತ್ತದೆ. ಆರ್‌ಸಿಎ ಕಸ್ಟಮ್ (ಬೇರೆ ಲೇಬಲ್‌ಗಳಿಗೆ ಒತ್ತಿಕೊಡುತ್ತಿದ್ದ ಆರ್‌ಸಿಎ ಕಂಪನಿಯ ವಿಭಾಗ) ಒತ್ತಿದ್ದಾದರೆ ಸಂಖ್ಯೆಯ ಮೊದಲ ಅಕ್ಷರವೇ ವರ್ಷ: ಎನ್ ಅಂದರೆ 1962, ಪಿ 1963, ಆರ್ 1964, ಎಸ್ 1965. ನಡುವಿನ ಓ, ಕ್ಯೂ ಬಿಟ್ಟಿದ್ದಾರೆ, ಮೊದಲ ಸಲ ಎಣಿಸುವವರು ಅಲ್ಲೇ ಎಡವುತ್ತಾರೆ. ಝಡ್‌ಟಿಎಸ್‌ಪಿ ಎಂದಿದ್ದರೆ ಕೊಲಂಬಿಯಾ ಕಂಪನಿಯ ಅಂಥದೇ ವಿಭಾಗ. ಬೆಲ್ ಸೌಂಡ್ ಸ್ಟುಡಿಯೋದ ಮುದ್ರೆ ಇದ್ದರೆ ಅಚ್ಚಿನ ಮೂಲ ತಟ್ಟೆ ನ್ಯೂಯಾರ್ಕ್‌ನಲ್ಲಿ ಕೊರೆದದ್ದು. ಹೆಸರೇ ಕೇಳದ ಲೇಬಲ್, ಆದರೆ ಬೆಲ್ ಸೌಂಡ್ ಮುದ್ರೆ, ಮೇಲೆ ಬ್ರಾಡ್‌ವೇ 1650ರ (ಹಾಡು ಬರೆಯುವವರ ಕಚೇರಿಗಳಿದ್ದ ನ್ಯೂಯಾರ್ಕ್ ಕಟ್ಟಡ) ಪಬ್ಲಿಷರ್ ಎಂದಾದರೆ ನಾನು ಹಾಡು ಕೇಳದೆಯೇ ಹತ್ತು ಡಾಲರ್‌ವರೆಗೆ ಕೊಡುತ್ತೇನೆ.

ಇನ್ನು ನಷ್ಟದ ಲೆಕ್ಕ. ಮೊದಲ ವರ್ಷವೇ ಸುಮಾರು 600 ಡಾಲರ್ ಹೋಯಿತು. ಅದರಲ್ಲಿ 85 ಡಾಲರ್ ಒಂದೇ ‘ಪ್ರೊಮೊ’ಗೆ (ಪ್ರಚಾರಕ್ಕೆ ಹಂಚಿದ ಕಾಪಿ) ಕೊಟ್ಟದ್ದು. ಬಂದದ್ದು ಹಳೇ ಅಮೆರಿಕನ್ ಸೋಲ್ ಹಾಡುಗಳಿಗೆ ಕುಣಿಯುವ ನಾರ್ದರ್ನ್ ಸೋಲ್ ಹುಚ್ಚಿನ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಒತ್ತಿದ ನಕಲು. ಲೇಬಲ್‌ನ ಫೋಟೋ ತೆಗೆದು ಅಚ್ಚು ಹಾಕಿರುತ್ತಾರೆ, ಹಾಗಾಗಿ ಸಣ್ಣಕ್ಷರಗಳ ಅಂಚು ಮಸುಕು. ಒರಿಜಿನಲ್‌ನಲ್ಲಿ ಇರಬೇಕಾದ ಪ್ಲಾಂಟ್ ಮುದ್ರೆ ಇರುವುದಿಲ್ಲ. ಈಗ ಇಪ್ಪತ್ತೈದು ಡಾಲರ್ ದಾಟಿದರೆ ಡೆಡ್ ವ್ಯಾಕ್ಸ್‌ನ ಫೋಟೋ ಇಲ್ಲದೆ ಕೊಳ್ಳುವುದಿಲ್ಲ. ಫಿಲ್ಲೀಸ್ 111ರಲ್ಲಿ ಕ್ರಿಸ್ಟಲ್ಸ್‌ನ ‘ಲೆಟ್ಸ್ ಡ್ಯಾನ್ಸ್ ದಿ ಸ್ಕ್ರೂ’ ಅಗ್ಗಕ್ಕೆ ಕಂಡರೆ ಕೈ ಮುಗಿದು ಮುಂದೆ ಹೋಗಿ. ಬಿಳಿ ಲೇಬಲ್‌ನ ಒರಿಜಿನಲ್ ಬೆರಳೆಣಿಕೆ, ನಕಲು ಬೇಕಾದಷ್ಟು.

ಉಳಿದ ಹಣವನ್ನು ನುಂಗಿದ್ದು ಸ್ಟೈರೀನ್, ಕೆಲವು ಸಿಂಗಲ್‌ಗಳಿಗೆ ವಿನೈಲ್ ಬದಲು ಬಳಸಿದ ಗಡುಸು ಪ್ಲಾಸ್ಟಿಕ್. ಕಣ್ಣಿಗೆ ವಿಜಿ ಪ್ಲಸ್ (ಚೆನ್ನಾಗಿದೆ ಎನ್ನುವ ಗ್ರೇಡ್), ಕಿವಿಗೆ ಬಾಣಲೆಯಲ್ಲಿ ಒಗ್ಗರಣೆ ಸಿಡಿದಂತೆ. ಸವೆದ ಸೂಜಿ ಅದರ ಗ್ರೂವ್ ಗೋಡೆಯನ್ನು ಕೆರೆದುಬಿಟ್ಟಿರುತ್ತದೆ, ಮೇಲ್ಮೈ ಮಾತ್ರ ಫಳಫಳ. ಉಗುರಿನಿಂದ ತಟ್ಟಿ ನೋಡಿ: ವಿನೈಲ್ ಮಂದವಾಗಿ ಸದ್ದು ಮಾಡುತ್ತದೆ, ಸ್ಟೈರೀನ್ ತೆಳುವಾಗಿ ಟಿಕ್ ಎನ್ನುತ್ತದೆ. ಫೋಟೋದಲ್ಲಾದರೆ ಅಂಟಿಸಿದ ಲೇಬಲ್‌ನ ಗುಳ್ಳೆ, ಎದ್ದ ಅಂಚು ಗಮನಿಸಿ. ಮಾರುವವರು ನುಡಿಸಿ ನೋಡದೆ ಗ್ರೇಡ್ ಹಾಕಿದ್ದರೆ ಸ್ಟೈರೀನ್‌ಗೆ ಅರ್ಧ ಬೆಲೆಗಿಂತ ಹೆಚ್ಚು ಹೇಳಬೇಡಿ.

ತೊಳೆಯುವಾಗ ಇನ್ನೊಂದು ಏಟು ತಿಂದೆ. ವಿನೈಲ್‌ನಲ್ಲಿ ಲೇಬಲ್ ಒತ್ತುವಾಗಲೇ ಬೆಸೆದುಕೊಳ್ಳುತ್ತದೆ. ಸ್ಟೈರೀನ್‌ನಲ್ಲಿ ಅದು ಬರೀ ಅಂಟು. ನೀರಿಗೆ ಇಳಿಸಿದ ನಾಲ್ಕು ರೆಕಾರ್ಡ್‌ಗಳ ಲೇಬಲ್ ಹಪ್ಪಳದಂತೆ ಎದ್ದು ಬಂತು. ಈಗ ಡಿಸ್ಟಿಲ್ಡ್ ವಾಟರ್ ಅರ್ಧ ಲೀಟರ್‌ಗೆ ಒಂದೆರಡು ತೊಟ್ಟು ಪಾತ್ರೆ ತೊಳೆಯುವ ದ್ರವ, ಮೈಕ್ರೋಫೈಬರ್ ಬಟ್ಟೆ, ಗ್ರೂವ್‌ನ ದಿಕ್ಕಿನಲ್ಲೇ ಒರೆಸು, ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ. ಆಲ್ಕೋಹಾಲ್ ಸ್ಟೈರೀನ್ ಹತ್ತಿರವೂ ತರುವುದಿಲ್ಲ.

ಸೂಜಿಯ ವಿಷಯದಲ್ಲಿ ಒಂದಿಷ್ಟು ಆಟವಾಡಿದೆ. ಎಲಿಪ್ಟಿಕಲ್ (ಅಂಡಾಕಾರದ ತುದಿಯ) ಸೂಜಿ ಹಾಕಿದರೆ ಸವೆದ ಸ್ಟೈರೀನ್ ಇನ್ನಷ್ಟು ಅರಚುತ್ತದೆ. ಶ್ಯೂರ್ ಎಂ44-7 ಕಾರ್ಟ್ರಿಜ್‌ಗೆ ಜಿಕೋ ಕಂಪನಿಯ ಬದಲಿ ಕಾನಿಕಲ್ (ದುಂಡು ತುದಿಯ) ಸೂಜಿ, ಎರಡೂವರೆ ಗ್ರಾಂ ತೂಕ, ಔಟ್‌ಪುಟ್ ಮೋನೋಗೆ ಸೇರಿಸಿದರೆ ಅರ್ಧ ಗಲಾಟೆ ಇಳಿಯಿತು. ಒಂದು ಮಿಲ್‌ನ (ಇಂಚಿನ ಸಾವಿರದ ಒಂದು ಪಾಲು) ದಪ್ಪ ಸೂಜಿ ಗೋಡೆಯ ಮೇಲ್ಭಾಗದಲ್ಲಿ ಕೂರುವುದರಿಂದ ಕೆಲವು ಕೆಟ್ಟ ಕಾಪಿಗಳು ಬದುಕಿದವು, ಕೆಲವು ಮೊದಲಿಗಿಂತ ಕೆಟ್ಟವು. ಯಾವುದಕ್ಕೆ ಯಾವುದು ಎಂಬ ನಿಯಮ ಕೈಗೆ ಸಿಕ್ಕಿಲ್ಲ. ಎರಡು ಗಾಜಿನ ನಡುವೆ ಇಟ್ಟು ಬಿಸಿಲಲ್ಲಿ ಸೊಟ್ಟ ವಿನೈಲ್ ನೇರ ಮಾಡುವ ಪ್ರಯೋಗ ಮೂರರಲ್ಲಿ ಒಂದು ಗೆದ್ದಿತು. ಅದನ್ನು ಐದು ಡಾಲರ್ ಒಳಗಿನ ಮಾಲಿಗೆ ಮಾತ್ರ ಮಾಡಿ. ಮಸುಕಾದ ಮ್ಯಾಟ್ರಿಕ್ಸ್‌ಗೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜುವುದಕ್ಕಿಂತ ಕತ್ತಲೆಯಲ್ಲಿ ಫೋನ್ ಟಾರ್ಚನ್ನು ಅಡ್ಡಡ್ಡ ಹಿಡಿದು ಫೋಟೋ ತೆಗೆಯುವುದೇ ಲೇಸು.

ಪ್ಯಾಕಿಂಗ್ ಬಗ್ಗೆ ಕೊಳ್ಳುವ ಮೊದಲೇ ಬರೆದು ಹೇಳಿ: ಎರಡು ರಟ್ಟು, ಅದರ ಗೆರೆಗಳು ಒಂದಕ್ಕೊಂದು ಅಡ್ಡ, ರೆಕಾರ್ಡ್ ಸ್ಲೀವ್‌ನಿಂದ ಹೊರಗೆ. ಸ್ಟೈರೀನ್ ಬಗ್ಗುವುದಿಲ್ಲ, ಸೀಳುತ್ತದೆ. ಅಮೆರಿಕದೊಳಗೆ ಮೀಡಿಯಾ ಮೇಲ್‌ಗೆ (ಪುಸ್ತಕ, ರೆಕಾರ್ಡ್‌ಗಳ ಅಗ್ಗದ ಅಂಚೆ) ನನಗೆ ನಾಲ್ಕೈದು ಡಾಲರ್ ಬಿದ್ದಿತ್ತು. ಬೆಂಗಳೂರಿಗೆ ನೇರ ತರಿಸಿದರೆ ಅಂಚೆಯ ಖರ್ಚೇ ರೆಕಾರ್ಡ್‌ಗಿಂತ ಹೆಚ್ಚು. ಕೊಂಡದ್ದನ್ನೆಲ್ಲ ಅಲ್ಲಿನ ಗೆಳೆಯರ ಒಂದು ವಿಳಾಸದಲ್ಲಿ ಕೂಡಿಹಾಕಿ, ಬರುವವರ ಕೈಚೀಲದಲ್ಲಿ ತರಿಸುವುದು ನನ್ನ ಕ್ರಮ. ಇಪ್ಪತ್ತೈದು ಸಿಂಗಲ್ ಒಂದು ಕಿಲೋ ದಾಟುತ್ತದೆ, ಅಷ್ಟೇ. ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಸಿಗುವುದಿಲ್ಲವೇ ಎನ್ನುವವರಿಗೆ: ಕೋಲ್ಕತ್ತದ ಡಮ್ ಡಮ್ ಕಾರ್ಖಾನೆಯಲ್ಲಿ ಒತ್ತಿದ ಕ್ಲಿಫ್ ರಿಚರ್ಡ್, ಬೀಟಲ್ಸ್ ಸಿಕ್ಕಾವು. ರೆಡ್ ಬರ್ಡ್, ಡೈಮೆನ್ಷನ್ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಶೀಟ್‌ನಲ್ಲಿ ಕೊನೆಗೂ ಕೆಲವು ಸಾಲು ಖಾಲಿಯೇ ಉಳಿಯುತ್ತವೆ. ಅಲ್ಲಿ ಅಕ್ಕಪಕ್ಕದ ರೆಕಾರ್ಡ್‌ಗಳ ಮ್ಯಾಟ್ರಿಕ್ಸ್ ನೋಡಿ. ಮ್ಯಾಟ್ರಿಕ್ಸ್ ಬಿಡದೆ ಸಾಗಿ ನಂಬರ್ ಮಾತ್ರ ಹಾರಿದ್ದರೆ ಆ ಸಿಂಗಲ್ ಬಹುಶಃ ಹೊರಬಂದೇ ಇಲ್ಲ, ಸರ್ಚ್ ಅಳಿಸಿಬಿಡಿ. ಮ್ಯಾಟ್ರಿಕ್ಸ್‌ನಲ್ಲೂ ಎರಡು ಸಂಖ್ಯೆ ಕಾಣೆಯಾಗಿದ್ದರೆ ಎರಡು ಬದಿಗೆ ಸಂಖ್ಯೆ ಕೊಟ್ಟಿರಬಹುದು ಎಂದು ಲೆಕ್ಕ. ಅಂಥ ಹನ್ನೊಂದು ಸಾಲು ನನ್ನ ಶೀಟ್‌ನಲ್ಲಿ ಇನ್ನೂ ಹಳದಿ ಬಣ್ಣದಲ್ಲಿವೆ.