ಕಂಠಪಾಠದ ಪದ್ಯ ಪರೀಕ್ಷೆಯಲ್ಲಿ ಕೈಕೊಡದಿರಲು

ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆ ಕನ್ನಡದಲ್ಲಿ ಪದ್ಯಭಾಗ ಪೂರ್ಣಗೊಳಿಸುವ ಪ್ರಶ್ನೆಗೆ 4 ಅಂಕ. ಸಾಮಾನ್ಯವಾಗಿ ಮೊದಲ ಪದ, ಕೊನೆಯ ಪದ ಕೊಟ್ಟು ನಡುವೆ ಚುಕ್ಕಿಗಳನ್ನಿಟ್ಟಿರುತ್ತಾರೆ. ಇಪ್ಪತ್ತು ಸಲ ಗಟ್ಟಿಯಾಗಿ ಓದಿದ್ದ ಪದ್ಯವೂ ಅಲ್ಲಿ ಮೂರನೇ ಸಾಲಿಗೆ ನಿಂತುಬಿಡುವುದುಂಟು. ಓದುವಷ್ಟು ಹೊತ್ತೂ ಕಣ್ಣು ಪುಸ್ತಕದ ಮೇಲೇ ಇದ್ದದ್ದರಿಂದ ನೆನಪಿಗೆ ಕೆಲಸವೇ ಬಿದ್ದಿರುವುದಿಲ್ಲ.

ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಪಾಠದ ಈ ಪದ್ಯ ನೋಡಿ:

ಇನತನೂಜನ ಕೂಡೆ ಮೈದುನ
ತನದ ಸರಸವನೆಸಗಿ ರಥದೊಳು
ದನುಜರಿಪು ಬರಸೆಳೆದು ಕುಳ್ಳಿರಿಸಿದನು ಪೀಠದಲಿ
ಎನಗೆ ನಿಮ್ಮಡಿಗಳಲಿ ಸಮಸೇ
ವನೆಯೆ ದೇವ ಮುರಾರಿಯಂಜುವೆ
ನೆನಲು ತೊಡೆಸೋಂಕಿನಲಿ ಸಾರಿದು ಶೌರಿಯಿಂತೆಂದ

ಬಾಯಿಪಾಠಕ್ಕೆ ಕೂರುವ ಮೊದಲು ಪದ ಬಿಡಿಸಿಕೊಳ್ಳಿ. ಇನ ಎಂದರೆ ಸೂರ್ಯ, ಇನತನೂಜ ಕರ್ಣ. ದನುಜರಿಪು, ಮುರಾರಿ, ಶೌರಿ ಮೂವರೂ ಕೃಷ್ಣನೇ. ಕೃಷ್ಣ ಕರ್ಣನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡ, ಕರ್ಣ ಅಂಜಿದ, ಕೃಷ್ಣ ಇನ್ನೂ ಹತ್ತಿರ ಸರಿದು ಮಾತು ತೆಗೆದ. ಕತೆ ಇಷ್ಟೇ. ಇದು ತಲೆಯಲ್ಲಿದ್ದರೆ ಸಾಲುಗಳು ಹಿಂದುಮುಂದಾಗುವುದಿಲ್ಲ.

ಇನ್ನು ಪ್ರತಿ ಸಾಲಿನ ಎರಡನೇ ಅಕ್ಷರ ಗಮನಿಸಿ: ಇನ, ತನ, ದನು, ಎನ, ವನೆ, ನೆನ. ಇದು ಆದಿಪ್ರಾಸ. ಸಾಲು ಮರೆತಾಗ ಎರಡನೆಯದು ‘ನ’ಕಾರ ಎಂಬುದು ಗೊತ್ತಿದ್ದರೆ ಅರ್ಧ ದಾರಿ ಸಿಕ್ಕಂತೆ. ಮೊದಲ ಅಕ್ಷರಗಳನ್ನು ಪೋಣಿಸಿ ‘ಇ-ತ-ದ-ಎ-ವ-ನೆ’ ಎಂದು ಹತ್ತು ಸಲ ಹೇಳಿಕೊಳ್ಳಿ. ಆರು ಸಾಲಿಗೂ ಹಿಡಿಕೆ ಸಿಗುತ್ತದೆ.

ತಪ್ಪು ಹೆಚ್ಚಾಗುವುದು ಸಾಲು ಮುರಿಯುವ ಕಡೆ. ‘ಮೈದುನತನದ’, ‘ಸಮಸೇವನೆಯೆ’, ‘ಅಂಜುವೆನೆನಲು’ ಮೂರೂ ಎರಡು ಸಾಲಿಗೆ ಹರಿದಿವೆ. ಅರ್ಥ ನೋಡಿ ಪದವನ್ನು ಒಂದೇ ಸಾಲಿಗೆ ಸೇರಿಸಿದರೆ ಪ್ರಾಸವೂ ಹೋಯಿತು, ಛಂದಸ್ಸೂ ಹೋಯಿತು. ಆದ್ದರಿಂದ ಒಂದು ಸಾಲಿನ ಕೊನೆ, ಮುಂದಿನ ಸಾಲಿನ ಮೊದಲು, ಇವಿಷ್ಟನ್ನೇ ಬೇರೆಯಾಗಿ ಅಭ್ಯಾಸ ಮಾಡಿ: ‘ಸಮಸೇ... ವನೆಯೆ’.

ಇನ್ನೊಂದು ಕಾಟ ನಮ್ಮ ದಿನಬಳಕೆಯ ಕನ್ನಡದ್ದು. ‘ಪೀಠದಲಿ’ ಇದ್ದದ್ದು ಕೈಗೆ ಬರುವಾಗ ‘ಪೀಠದಲ್ಲಿ’ ಆಗುತ್ತದೆ, ‘ಸರಸವನೆಸಗಿ’ ಹೋಗಿ ‘ಸರಸವನ್ನೆಸಗಿ’ ಆಗುತ್ತದೆ. ಇದನ್ನು ಹಿಡಿಯಲು ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ: ಲಘುವಿಗೆ 1, ಗುರುವಿಗೆ 2) ಎಣಿಸಿ. ಈ ಪದ್ಯ ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಛಂದಸ್ಸಿನಲ್ಲಿದೆ. ಅದರ 1, 2, 4, 5ನೇ ಸಾಲುಗಳಲ್ಲಿ 3+4+3+4, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ 3+4+3+4+3+4, ಕೊನೆಗೊಂದು ಗುರು, ಒಟ್ಟು 23. ‘ಸರಸವ’ 4 ಮಾತ್ರೆ. ಮುಂದೆ ‘ನ್ನೆ’ ಒತ್ತಕ್ಷರ ಬಂದರೆ ‘ವ’ ಗುರುವಾಗಿ 5 ಆಗುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. ಪ್ರಸ್ತಾರ ಹಾಕುವ (ಲಘು-ಗುರು ಗುರುತಿಸಿ ಗಣ ವಿಂಗಡಿಸುವ) ಪ್ರಶ್ನೆಗೂ ಇದೇ ತಯಾರಿ.

ಕಲಿಯುವ ಕ್ರಮ ಹೀಗಿರಲಿ. ಎರಡು ಸಾಲು ರಾಗವಾಗಿ ನಾಲ್ಕು ಸಲ ಓದಿ, ಪುಸ್ತಕ ಮುಚ್ಚಿ, ಬರೆಯಿರಿ. ಬಾಯಲ್ಲಿ ಹೇಳಿ ಮುಗಿಸಬೇಡಿ: ಒತ್ತಕ್ಷರ, ಲ-ಳ ವ್ಯತ್ಯಾಸ ಬರೆದಾಗಲೇ ಬಯಲಾಗುವುದು. ಕೆಂಪು ಪೆನ್ನಿನಲ್ಲಿ ತಿದ್ದಿ, ತಪ್ಪಿದ ಸಾಲನ್ನಷ್ಟೇ ಮತ್ತೆ ಬರೆಯಿರಿ. ಇಡೀ ಪದ್ಯವನ್ನು ಹತ್ತು ಸಲ ನಕಲು ಮಾಡಿದರೆ ಕೈ ನೋವು ಬಂದೀತು, ಅಷ್ಟೆ. ಆರೂ ಸಾಲು ಬಂದ ಮೇಲೆ ಮರುದಿನ, ನಾಲ್ಕನೇ ದಿನ, ಹತ್ತನೇ ದಿನ, ತಿಂಗಳಿಗೊಮ್ಮೆ ನೋಡದೆ ಬರೆಯಿರಿ. ಪ್ರತಿ ಸಲ ಐದು ನಿಮಿಷ ಸಾಕು.

ವಚನಕ್ಕೆ ಮೊದಲಕ್ಷರ ಪೋಣಿಸುವ ಉಪಾಯ ನಡೆಯದು. ಬಸವಣ್ಣನವರ ‘ನುಡಿದರೆ ಮುತ್ತಿನ ಹಾರದಂತಿರಬೇಕು’ ವಚನದ ಮೊದಲ ನಾಲ್ಕು ಸಾಲೂ ‘ನುಡಿದರೆ’ ಎಂದೇ ಶುರು. ಮೊದಲಕ್ಷರದ ಹಿಡಿಕೆ ಇಲ್ಲಿ ದಕ್ಕುವುದಿಲ್ಲ, ಸಾಲುಗಳು ಅದಲುಬದಲಾಗುತ್ತವೆ. ಪ್ರತಿ ಸಾಲಿನ ಮುಖ್ಯ ಪದಗಳನ್ನು ಪೋಣಿಸಿಕೊಳ್ಳಿ: ಮುತ್ತು, ಮಾಣಿಕ್ಯ, ಸ್ಫಟಿಕ, ಲಿಂಗ.

ಸಂದರ್ಭ ಸಹಿತ ಸ್ವಾರಸ್ಯ ಬರೆಯುವ 3 ಅಂಕದ ಪ್ರಶ್ನೆಗೆ ವಾಕ್ಯವನ್ನು ಅವರೇ ಕೊಡುತ್ತಾರೆ, ಗುರುತಿಸಿದರೆ ಆಯಿತು. ಅಂಗೈಯಗಲದ ರಟ್ಟಿನ ಒಂದು ಬದಿಗೆ ವಾಕ್ಯ, ಇನ್ನೊಂದು ಬದಿಗೆ ಪಾಠ, ಕೃತಿಕಾರರು, ಯಾರು ಯಾರಿಗೆ ಹೇಳಿದ್ದು ಎಂದು ಬರೆದು, ಎಲ್ಲ ಪಾಠದ ರಟ್ಟುಗಳನ್ನೂ ಕಲಸಿ ತೆಗೆಯಿರಿ. ಪಾಠದ ಅನುಕ್ರಮದಲ್ಲೇ ಓದಿದರೆ ಹಿಂದಿನ ವಾಕ್ಯದ ನೆರವಿಂದ ಉತ್ತರ ಹೊಳೆಯುತ್ತದೆ, ಪರೀಕ್ಷೆಯಲ್ಲಿ ಆ ನೆರವು ಇರುವುದಿಲ್ಲ. ಪ್ರಬಂಧದಲ್ಲಿ ಉಕ್ತಿ ಬಳಸುವಾಗ ಮಾತು ಅಕ್ಷರಶಃ ನೆನಪಿಲ್ಲದಿದ್ದರೆ ಉದ್ಧರಣ ಚಿಹ್ನೆ ಹಾಕದೆ ಭಾವವನ್ನಷ್ಟೇ ಬರೆಯಿರಿ.

ಪರೀಕ್ಷೆಯಲ್ಲಿ ಪದ್ಯ ಶುರು ಮಾಡುವ ಮೊದಲು ಆರು ಅಕ್ಷರಗಳನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ. ನಡುವೆ ಸಾಲು ಸಿಗದಿದ್ದರೆ ಅಷ್ಟು ಜಾಗ ಖಾಲಿ ಬಿಟ್ಟು ಮುಂದಿನದನ್ನು ಬರೆಯಿರಿ. ಮುಂದಿನ ಸಾಲು ಕೈಗೆ ಬಂದಾಗ ಎಷ್ಟೋ ಸಲ ಬಿಟ್ಟದ್ದೂ ಬಂದುಬಿಡುತ್ತದೆ.